ಶಾಶ್ವತ ಶಾಂತಿ, ಒಂದೇ ವರ್ಷದಲ್ಲಿ ಎರಡು ಸಲ

ಕ್ರಿ.ಶ. 304ರಲ್ಲಿ ಚೀನಾಕ್ಕೆ ಶಾಶ್ವತ ಶಾಂತಿ ಎರಡು ಸಲ ಬಂತು. ಮೊದಲ ಸಲ ವರ್ಷದ ಆರಂಭದಲ್ಲೇ ಬಂದು ಏಳನೆಯ ತಿಂಗಳಿಗೆ ಹೊರಟುಹೋಯಿತು. ಹನ್ನೊಂದನೆಯ ತಿಂಗಳಲ್ಲಿ ಮರಳಿ ಬಂತು, ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಜಾಗ ಖಾಲಿ ಮಾಡಿತು. ಆ ಜಾಗದಲ್ಲಿ ‘ಶಾಶ್ವತ ಅಭ್ಯುದಯ’ ಬಂದು ಕೂತಿತು. ನಡುವೆ ಕೆಲವು ತಿಂಗಳು ‘ಪರಾಕ್ರಮ ಪ್ರತಿಷ್ಠಾಪನೆ’ಯೂ ಆಗಿತ್ತು. ಇವೆಲ್ಲ ನಡೆಯುತ್ತಿದ್ದ ಕಾಲಕ್ಕೆ ಅರಮನೆ ಇಟ್ಟ ಹೆಸರುಗಳು: ಯೋಂಗ್‌ಆನ್, ಜಿಯೆನ್‌ವೂ, ಪುನಃ ಯೋಂಗ್‌ಆನ್, ಆಮೇಲೆ ಯೋಂಗ್‌ಷಿಂಗ್.

ಆಗ ಪಟ್ಟದಲ್ಲಿದ್ದವನು ಜಿನ್ ವಂಶದ ಹುಯಿದಿ. ಪ್ರಜೆಗಳಿಗೆ ತಿನ್ನಲು ಕಾಳಿಲ್ಲ ಎಂದು ವರದಿ ಬಂದಾಗ, ಹಾಗಾದರೆ ಮಾಂಸದ ಗಂಜಿ ಕುಡಿಯಬಾರದೇಕೆ ಎಂದು ಕೇಳಿದನೆಂದು ಇತಿಹಾಸ ಜ್ಞಾಪಕ ಇಟ್ಟುಕೊಂಡಿರುವ ಮಹಾನುಭಾವ. ಎಂಟು ಮಂದಿ ದಾಯಾದಿ ರಾಜಕುಮಾರರು ಅವನನ್ನು ಊರಿಂದೂರಿಗೆ ಎಳೆದಾಡುತ್ತಿದ್ದರು. ಚಕ್ರವರ್ತಿ ಯಾರ ಕೈಗೆ ಸಿಕ್ಕಿದನೋ ಅವರು ಮಾಡುತ್ತಿದ್ದ ಮೊದಲ ಘನಕಾರ್ಯವೆಂದರೆ ವರ್ಷದ ಹೆಸರು ಬದಲಿಸುವುದು. ಶಾಶ್ವತ ಶಾಂತಿಯ ವರ್ಷದಲ್ಲೇ ಅವನಿಗೆ ರಣರಂಗದಲ್ಲಿ ಮೂರು ಬಾಣ ನೆಟ್ಟವು. ಮುಂದೆ 311ರಲ್ಲಿ ಷಿಯೊಂಗ್‌ನು ಜನರ ಪಡೆ ಲುವೊಯಾಂಗ್ ರಾಜಧಾನಿಯನ್ನು ಲೂಟಿ ಹೊಡೆದು ಸುಟ್ಟಾಗ ಪಟ್ಟದಲ್ಲಿ ಬೇರೆಯವನಿದ್ದ, ವರ್ಷಕ್ಕೆ ಬೇರೆ ಹೆಸರಿತ್ತು. ಯೋಂಗ್‌ಜಿಯಾ. ಅರ್ಥ, ಶಾಶ್ವತ ಸೊಗಸು.

ಈ ಹೆಸರಿಡುವ ಪದ್ಧತಿಯನ್ನು ಗಟ್ಟಿ ಮಾಡಿದವನು ಹಾನ್ ವಂಶದ ವೂದಿ. ಕ್ರಿ.ಪೂ. 141ರಲ್ಲಿ ಪಟ್ಟಕ್ಕೆ ಬಂದವನು, ಐವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಅವನಿಗಿಂತ ಮೊದಲು ಇಂಥ ಅರಸನ ಇಷ್ಟನೆಯ ವರ್ಷ ಎಂದು ಸಪ್ಪೆಯಾಗಿ ಎಣಿಸುತ್ತಿದ್ದರು. ವೂದಿಯ ಆಸ್ಥಾನ ಬೇಟೆಯಲ್ಲಿ ಒಂಟಿಕೊಂಬಿನ ಒಂದು ವಿಚಿತ್ರ ಪ್ರಾಣಿಯನ್ನು ಹಿಡಿದದ್ದೇ ತಡ, ಆ ಕಾಲಕ್ಕೆ ಬೇಟೆಯ ಹೆಸರು ಬಂತು. ನೆಲದಲ್ಲಿ ಹಳೆಯ ಮೂರು ಕಾಲಿನ ಕಂಚಿನ ಕಡಾಯಿಯೊಂದು ಸಿಕ್ಕಿತು, ಕಡಾಯಿಯ ಹೆಸರು ಬಂತು. ಕ್ರಿ.ಪೂ. 110ರಲ್ಲಿ ತಾಯ್‌ಶಾನ್ ಬೆಟ್ಟದ ಮೇಲೆ ಆಕಾಶಕ್ಕೆ ಬಲಿ ಕೊಟ್ಟ, ಬಲಿಯ ಹೆಸರು ಬಂತು. ಅಷ್ಟಕ್ಕೇ ಬಿಡಲಿಲ್ಲ. ಆಗಲೇ ಮುಗಿದುಹೋಗಿದ್ದ ವರ್ಷಗಳಿಗೂ ಹಿಂದಿರುಗಿ ಹೆಸರಿಟ್ಟರು. ಆದೇಶಗಳನ್ನು ಪೂರ್ವಾನ್ವಯವಾಗಿ ಜಾರಿ ಮಾಡುವ ವಿದ್ಯೆ ನಮ್ಮ ಸಚಿವಾಲಯಗಳ ಆವಿಷ್ಕಾರ ಎಂದು ಯಾರಾದರೂ ಬೀಗುತ್ತಿದ್ದರೆ ಈ ಸಂಗತಿ ಅವರ ಗಮನಕ್ಕೆ ಬರಲಿ. ಇದೇ ವೂದಿಯ ಮುಪ್ಪಿನ ಕಾಲಕ್ಕೆ ‘ದಂಡಯಾತ್ರೆ ಮುಗಿದು ಸಾಮರಸ್ಯ’ ಎಂಬರ್ಥದ ಹೆಸರಿತ್ತು. ಆ ಸಾಮರಸ್ಯದ ಎರಡನೆಯ ವರ್ಷದಲ್ಲಿ ಮಾಟಮಂತ್ರದ ಆರೋಪ ಹಬ್ಬಿ, ಅಪ್ಪನ ಸೈನ್ಯಕ್ಕೂ ಮಗನ ಜನಕ್ಕೂ ರಾಜಧಾನಿಯ ಬೀದಿಯಲ್ಲೇ ಐದು ದಿನ ಕಡಿದಾಟವಾಯಿತು. ಯುವರಾಜ ತಪ್ಪಿಸಿಕೊಂಡು ಹೋಗಿ ನೇಣು ಹಾಕಿಕೊಂಡ.

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂದು ನಮ್ಮವರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಚೀನಾದ ಅರಮನೆಗಳು ಎರಡು ಸಾವಿರ ವರ್ಷ ಆಚರಿಸಿ ತೋರಿಸಿದವು. ಯಾವುದು ಇಲ್ಲವೋ ಅದರ ಹೆಸರು ಇಡು, ಇದೇ ಸೂತ್ರ. ಟಾಂಗ್ ಸಾಮ್ರಾಜ್ಯದ ಬೆನ್ನು ಮುರಿದ ಆನ್ ಲುಶಾನನ ದಂಗೆ 755ರಲ್ಲಿ ಎದ್ದಾಗ ನಡೆಯುತ್ತಿದ್ದದ್ದು ‘ಸ್ವರ್ಗದ ನಿಧಿ’ ಶಕೆ. 1127ರಲ್ಲಿ ಜುರ್ಚೆನ್ನರು ಕೈಫೆಂಗ್ ನಗರದಿಂದ ಸೋಂಗ್ ವಂಶದ ಅಪ್ಪ ಮಗ ಇಬ್ಬರು ಚಕ್ರವರ್ತಿಗಳನ್ನೂ ಹಿಡಿದು ಉತ್ತರಕ್ಕೆ ಅಟ್ಟಿಕೊಂಡು ಹೋದಾಗ ನಡೆಯುತ್ತಿದ್ದದ್ದು ನೆಮ್ಮದಿ ಕ್ಷೇಮಗಳ ಹೆಸರಿನ ಜಿಂಗ್‌ಕಾಂಗ್. ಚೀನೀಯರು ಇವತ್ತಿಗೂ ಆ ದುರಂತವನ್ನು ‘ಜಿಂಗ್‌ಕಾಂಗ್ ಅವಮಾನ’ ಎಂದೇ ಕರೆಯುತ್ತಾರೆ.

ಆದರೆ ಈ ಕಲೆಯಲ್ಲಿ ಸಾಮ್ರಾಜ್ಞಿ ವೂ ಜೆತಿಯೆನ್‌ಳನ್ನು ಮೀರಿಸಿದವರಿಲ್ಲ. 690ರಿಂದ 705ರವರೆಗೆ ತನ್ನದೇ ‘ಝೋ’ ವಂಶ ಸ್ಥಾಪಿಸಿ ಆಳಿದ ಆಕೆ, ಆ ಹದಿನೈದು ವರ್ಷಗಳಲ್ಲಿ ಇಟ್ಟ ಹೆಸರು ಹನ್ನೆರಡಕ್ಕೂ ಹೆಚ್ಚು. ನಾವು ಸೀರೆಗೆ ರವಿಕೆ ಹೊಂದಿಸುವಷ್ಟು ಸಲೀಸಾಗಿ ಆಕೆ ಸುದ್ದಿಗೆ ಶಕೆ ಹೊಂದಿಸುತ್ತಿದ್ದಳು. 692ರಲ್ಲಿ ‘ಮನಸ್ಸಿಗೆ ಬಂದಂತೆ’ ಎಂಬ ಹೆಸರು ನಡೆಯುತ್ತಿತ್ತು, ಅದೇ ಪ್ರಾಮಾಣಿಕವಾದ ಹೆಸರು. ಅಷ್ಟರಲ್ಲಿ ಅರವತ್ತು ದಾಟಿದ ಸಾಮ್ರಾಜ್ಞಿಗೆ ಬಿದ್ದ ಹಲ್ಲು ಮತ್ತೆ ಮೊಳೆಯಿತು. ಹಲ್ಲು ಬಂದದ್ದು ಒಬ್ಬರ ಬಾಯಲ್ಲಿ, ವರ್ಷ ಬದಲಾದದ್ದು ಇಡೀ ಸಾಮ್ರಾಜ್ಯಕ್ಕೆ. ಅಂದಿನಿಂದ ‘ದೀರ್ಘಾಯುಷ್ಯ’ ಶಕೆ ಮೊದಲು. ಕೋಟ್ಯಂತರ ಜನ ತಮ್ಮ ಹೊಲದ ಕ್ರಯಪತ್ರಕ್ಕೆ, ಕಂದಾಯದ ರಸೀದಿಗೆ, ಸಮಾಧಿಯ ಕಲ್ಲಿಗೆ ಆಕೆಯ ದವಡೆಯ ವರ್ತಮಾನವನ್ನು ತಾರೀಖಾಗಿ ಬರೆದುಕೊಂಡರು.

ಮುಂದಿನದು ಇನ್ನೂ ಸ್ವಾರಸ್ಯ. ಟಾಂಗ್ ಕಾಲದ ಒಂದು ಕಥಾಸಂಗ್ರಹ ಹೇಳುವ ಪ್ರಕಾರ, ಜೈಲಿನಲ್ಲಿದ್ದ ಮುನ್ನೂರು ಚಿಲ್ಲರೆ ಕೈದಿಗಳು ಬೇರೆ ದಾರಿ ಕಾಣದೆ ಗೋಡೆಯ ಪಕ್ಕ ನೆಲದಲ್ಲಿ ಐದಡಿ ಉದ್ದದ ಹೆಜ್ಜೆಗುರುತು ಕೊರೆದರು. ನಡುರಾತ್ರಿ ಎಲ್ಲರೂ ಸೇರಿ ಕಿರುಚಿದರು. ಓಡಿಬಂದ ಕಾವಲಿನವರಿಗೆ, ಬಂಗಾರದ ಮುಖದ ಮಹಾಪುರುಷನೊಬ್ಬ ಬಂದಿದ್ದ, ಚಕ್ರವರ್ತಿಗೆ ಹತ್ತು ಸಾವಿರ ವರ್ಷ ಆಯುಷ್ಯ, ನಿಮಗೆಲ್ಲ ಬಿಡುಗಡೆ ಎಂದು ಹೇಳಿ ಹೋದ ಎಂದರು. ಪಂಜು ಹಿಡಿದು ನೋಡಿದರೆ ಹೌದು, ಹೆಜ್ಜೆ ಇದೆ! ಕೈದಿಗಳಿಗೆ ಕ್ಷಮಾದಾನ ಸಿಕ್ಕಿತು, 701ನೆಯ ವರ್ಷಕ್ಕೆ ‘ದಾತ್ಸು’ ಎಂದು ಹೆಸರಾಯಿತು. ದಾತ್ಸು ಎಂದರೆ ದೊಡ್ಡ ಪಾದ. ಆ ಇಡೀ ಸಾಮ್ರಾಜ್ಯದಲ್ಲಿ ಶಕೆಯ ಹೆಸರು ಹೇಗೆ ಹುಟ್ಟುತ್ತದೆ ಎಂಬುದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಆ ಮುನ್ನೂರು ಮಂದಿ ಮಾತ್ರ.

ಅದಕ್ಕೆ ಹಿಂದಿನ ವರ್ಷ, 700ರಲ್ಲಿ, ಹು ಚಾವ್ ಎಂಬ ತಾವೊ ಪಂಥದವನು ರಾಶಿ ಹಣ ಖರ್ಚು ಮಾಡಿಸಿ ಸಂಜೀವಿನಿ ಗುಳಿಗೆ ತಯಾರಿಸಿದ್ದ. ತಿಂದಮೇಲೆ ಕಾಯಿಲೆ ಕೊಂಚ ಇಳಿಯಿತು. ‘ಚಿರದೃಷ್ಟಿ’ ಎಂದು ಶಕೆ ಬದಲಾಯಿತು. ಅದೇ ವರ್ಷದ ಏಳನೆಯ ತಿಂಗಳ ಏಳನೆಯ ದಿನ ಸಾಮ್ರಾಜ್ಞಿ ಇದೇ ಹು ಚಾವ್‌ನ ಕೈಯಲ್ಲಿ ಸೋಂಗ್‌ಶಾನ್ ಬೆಟ್ಟಕ್ಕೆ ಒಂದು ಚಿನ್ನದ ತಗಡು ಕಳಿಸಿದಳು. ಪಾಪಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿ ಎಂದು ದೇವತೆಗಳಿಗೆ ಅರ್ಜಿ. 1982ರಲ್ಲಿ ಆ ತಗಡು ಅದೇ ಬೆಟ್ಟದಲ್ಲಿ ಸಿಕ್ಕಿತು, ಈಗ ಹೆನಾನ್ ಪ್ರಾಂತ್ಯದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ತಾರೀಖು ಕೊರೆದಿದ್ದಾರೆ. ಚಿರದೃಷ್ಟಿಯೂ ಇಲ್ಲ, ದೀರ್ಘಾಯುಷ್ಯವೂ ಇಲ್ಲ. ಯಾವ ಅರಸನ ಅಪ್ಪಣೆಯೂ ಬೇಡದೆ ತನ್ನಷ್ಟಕ್ಕೆ ತಿರುಗುವ ಅರವತ್ತು ವರ್ಷದ ಚಕ್ರದ ‘ಗೆಂಗ್‌ಜಿ’ ಎಂದಷ್ಟೇ ಇದೆ. ಪ್ರಜೆಗಳಿಗೆ ಒಂದು ಪಂಚಾಂಗ, ದೇವರಿಗೆ ಇನ್ನೊಂದು. ದೇವರೆದುರು ನಿಂತಾಗ ತನ್ನ ಜಾಹೀರಾತು ನಡೆಯುವುದಿಲ್ಲ ಎಂಬಷ್ಟು ತಿಳಿವಳಿಕೆ ಆಕೆಗಿತ್ತು. ಇದನ್ನು ಕಡಿಮೆ ಎನ್ನಲಾಗದು, ಬಹಳ ಜನಕ್ಕೆ ಅದೂ ಇರುವುದಿಲ್ಲ.

ಅರವತ್ತರ ಚಕ್ರ ನಮಗೂ ಹೊಸದಲ್ಲ. ನಮ್ಮ ಸಂವತ್ಸರಗಳಲ್ಲಿ ಶುಭಕೃತುವಿನ ಜೊತೆಗೆ ದುರ್ಮುಖಿ, ದುರ್ಮತಿ, ಕ್ರೋಧಿ, ರಾಕ್ಷಸ ಎಲ್ಲವೂ ಇವೆ. ಯಾರ ಸರ್ಕಾರವಿದ್ದರೂ ಸರದಿ ಬಂದಾಗ ರಾಕ್ಷಸ ಬಂದೇ ಬರುತ್ತಾನೆ. ಹಾಗೆಂದು ನಮ್ಮ ದೊರೆಗಳಿಗೆ ಈ ಚಪಲ ಇರಲೇ ಇಲ್ಲ ಎಂದಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟವೇರಿದವನೇ, ಹಳೆಯ ಶಕ ವರ್ಷವನ್ನು ಬದಿಗಿಟ್ಟು ಚಾಳುಕ್ಯ ವಿಕ್ರಮ ವರ್ಷ ಆರಂಭಿಸಿದ. ಕರ್ನಾಟಕದ ಎಷ್ಟೋ ಶಾಸನಗಳಲ್ಲಿ ಅದು ಕಾಣಸಿಗುತ್ತದೆ. ಆದರೂ ಸುಮಾರು ಐವತ್ತು ವರ್ಷದ ಆಳ್ವಿಕೆಗೆ ಒಂದೇ ಹೆಸರು ಸಾಕೆನಿಸಿತು ಅವನಿಗೆ. ಹಲ್ಲು ಬಿದ್ದಾಗ, ಬಂದಾಗ ಬದಲಿಸಲಿಲ್ಲ.

ಸುಳ್ಳು ಶಕುನ ತಯಾರಿಸುವ ಕಾರ್ಖಾನೆಯನ್ನು ಒಳಗಿಂದ ನೋಡಬೇಕಾದರೆ ಸೋಂಗ್ ವಂಶದ ಝೆನ್‌ಜೋಂಗನ ಆಸ್ಥಾನಕ್ಕೆ ಹೋಗಬೇಕು. 1005ರ ಆರಂಭದಲ್ಲಿ ಅವನು ಉತ್ತರದ ಲಿಯಾವ್ ರಾಜ್ಯದ ಜೊತೆ ಚಾನ್‌ಯುವಾನ್‌ನಲ್ಲಿ ಒಪ್ಪಂದ ಮಾಡಿಕೊಂಡ. ವರ್ಷಕ್ಕೆ ಒಂದು ಲಕ್ಷ ಲಿಯಾಂಗ್ ತೂಕದ ಬೆಳ್ಳಿ, ಎರಡು ಲಕ್ಷ ಥಾನು ರೇಷ್ಮೆ ಕೊಡಬೇಕು, ಅವರು ಸುಮ್ಮನಿರಬೇಕು. ಲೆಕ್ಕ ಹಾಕಿದರೆ ಯುದ್ಧಕ್ಕಿಂತ ಅಗ್ಗ. ಆದರೆ ವಾಂಗ್ ಚಿನ್‌ರುವೊ ಎಂಬ ಮಂತ್ರಿ ಅದನ್ನು ಅವಮಾನ ಎಂದು ಅರಸನ ಕಿವಿಯಲ್ಲಿ ಊದಿದ. ಅವಮಾನ ತೊಳೆಯಲು ಯುದ್ಧ ಮಾಡೋಣವೇ? ಬೇಡ, ಬೆಟ್ಟಕ್ಕೆ ಹೋಗಿ ಮಹಾಬಲಿ ಕೊಡೋಣ. ಅದಕ್ಕೆ ಆಕಾಶದ ಶಕುನ ಬೇಕಲ್ಲ? ಶಕುನ ಮನುಷ್ಯರಿಂದಲೂ ಆಗುತ್ತದೆ, ಮಹಾಪ್ರಭು.

ಒಂದೇ ಅಡ್ಡಿ, ಪ್ರಧಾನಮಂತ್ರಿ ವಾಂಗ್ ದಾನ್. ಸಜ್ಜನನೆಂದು ಹೆಸರು ಪಡೆದವನು. ಅರಸ ಅವನನ್ನು ಕರೆಸಿ ಕುಡಿಸಿ, ಹೊರಡುವಾಗ ಒಂದು ಮದ್ಯದ ಜಾಡಿ ಕೊಟ್ಟು, ಮನೆಗೆ ಒಯ್ದು ಹೆಂಡತಿ ಮಕ್ಕಳ ಜೊತೆ ಸವಿಯಿರಿ ಎಂದ. ಮನೆಯಲ್ಲಿ ಮುಚ್ಚಳ ತೆಗೆದರೆ ಒಳಗೆ ತುಂಬ ಮುತ್ತು. ಅರಸನೇ ಮಂತ್ರಿಗೆ ಲಂಚ ಕೊಟ್ಟ ಪ್ರಸಂಗ ಜಗತ್ತಿನ ಚರಿತ್ರೆಯಲ್ಲಿ ಎಷ್ಟಿವೆಯೋ! ವಾಂಗ್ ದಾನ್ ಅಲ್ಲಿಂದ ಮುಂದೆ ಬಾಯಿ ತೆರೆಯಲಿಲ್ಲ.

1008ರ ಹೊಸ ವರ್ಷದ ಮೂರನೆಯ ದಿನ ಝೆನ್‌ಜೋಂಗ್ ಮಂತ್ರಿಗಳನ್ನು ಕೂರಿಸಿಕೊಂಡು ತನಗಾದ ದರ್ಶನದ ಕಥೆ ಹೇಳಿದ. ನಡುರಾತ್ರಿ ಕೋಣೆ ಬೆಳಗಿತಂತೆ, ನಕ್ಷತ್ರ ಕಿರೀಟ ತೊಟ್ಟ ದೇವಪುರುಷ ಬಂದು ‘ದಾಝೋಂಗ್ ಷಿಯಾಂಗ್‌ಫು’ ಎಂಬ ಮೂರು ಅಧ್ಯಾಯದ ದಿವ್ಯಗ್ರಂಥ ಇಳಿಯಲಿದೆ ಎಂದನಂತೆ. ಮಾತು ಮುಗಿಸುವುದಕ್ಕೂ ವರದಿ ಬರುವುದಕ್ಕೂ ಸರಿಹೋಯಿತು. ಅರಮನೆಯ ಬಾಗಿಲಿನ ಮಾಡಿನ ತುದಿಯಲ್ಲಿ ಹಳದಿ ರೇಷ್ಮೆಯ ಸುರುಳಿ ನೇತಾಡುತ್ತಿದೆ! ಅರಸ ನಡೆದೇ ಹೋದ. ಏಣಿ ಹತ್ತಿಸಿ ಇಳಿಸಿದರು. ಮಂಡಿಯೂರಿ ಅರಸನ ಕೈಗಿತ್ತವನು ಇನ್ನಾರೂ ಅಲ್ಲ, ಮುತ್ತಿನ ಜಾಡಿಯ ವಾಂಗ್ ದಾನನೇ. ಆಕಾಶ ಮಾತಾಡುವುದೇ ಇಲ್ಲ ಎಂದು ಕೇಳಿದ್ದೇನೆ, ಪುಸ್ತಕ ಬರೆಯುವುದು ಹೇಗೆ ಎಂದು ಸುನ್ ಶಿ ಎಂಬ ಪಂಡಿತ ಮುಖದ ಮೇಲೇ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಗ್ರಂಥದ ಹೆಸರೇ ಶಕೆಯ ಹೆಸರಾಯಿತು.

ಆಮೇಲೆ ಹೌದಪ್ಪಗಳ ಸುಗ್ಗಿ. ಅಣಬೆಯ ಜಾತಿಯ ಲಿಂಗ್‌ಝಿ ಕಂಡರೆ ಶುಭವಂತೆ, ಸಾವಿರಗಟ್ಟಲೆ ಕಿತ್ತು ತಂದು ಸುರಿದರು. ಡಿಂಗ್ ವೈ ಎಂಬ ಮಂತ್ರಿಗೆ ಹೋದಲ್ಲೆಲ್ಲ ಕೊಕ್ಕರೆಗಳೇ ಕಾಣುತ್ತಿದ್ದವು, ಅವೂ ಶುಭ. ದಿವ್ಯಗ್ರಂಥ ಇಡಲೆಂದು ಅದೇ ಡಿಂಗ್ ವೈ 2,610 ಅಂಕಣಗಳ ಮಹಾಮಂದಿರ ಕಟ್ಟಿಸಿದ. ಹದಿನೈದು ವರ್ಷ ಬೇಕಿದ್ದದ್ದನ್ನು ಹಗಲು ರಾತ್ರಿ ದುಡಿಸಿ ಏಳೇ ವರ್ಷಕ್ಕೆ ಮುಗಿಸಿದ. 1022ರಲ್ಲಿ ಝೆನ್‌ಜೋಂಗ್ ತೀರಿಕೊಂಡಾಗ ದಿವ್ಯಗ್ರಂಥವನ್ನೂ ಹೆಣದ ಜೊತೆ ಹೂತರು. ಮಂತ್ರಿಗಳಿಗೆ ಅದಕ್ಕಿಂತ ಜಾಣ ಉಪಾಯ ಹೊಳೆಯುವಂತಿರಲಿಲ್ಲ. ಮಂದಿರ ಉಳಿದಿತ್ತಲ್ಲ, 1029ರಲ್ಲಿ ಅದಕ್ಕೆ ಸಿಡಿಲು ಬಡಿದು ಸುಟ್ಟುಹೋಯಿತು. ಆಕಾಶ ಮಾತಾಡುವುದಿಲ್ಲ ಎಂದಿದ್ದ ಪಂಡಿತನ ಮಾತನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕು.

ಇದೇ ವಂಶದ ಮೂಲಪುರುಷ ತಾಯ್‌ಜು ಸ್ವಲ್ಪ ನೇರ ಮನುಷ್ಯ. ಹಿಂದೆ ಯಾರೂ ಇಡದ ಹೆಸರು ಹುಡುಕಿ ಎಂದು ಮಂತ್ರಿಗಳಿಗೆ ತಾಕೀತು ಮಾಡಿದ್ದ. ಅವರು ‘ಚಿಯೆನ್‌ದ’ ಎಂದು ಕೊಟ್ಟರು, 963ರಿಂದ ಜಾರಿಗೆ ಬಂತು. ಮೂರನೆಯ ವರ್ಷದಲ್ಲಿ ಶು ರಾಜ್ಯವನ್ನು ಗೆದ್ದಾಗ ಅಲ್ಲಿಂದ ಬಂದ ಅಂತಃಪುರದ ಹೆಣ್ಣೊಬ್ಬಳ ಕಂಚಿನ ಕನ್ನಡಿ ಅವನ ಕೈಗೆ ಸಿಕ್ಕಿತು. ಹಿಂದೆ ತಿರುಗಿಸಿ ನೋಡಿದರೆ ‘ಚಿಯೆನ್‌ದ ನಾಲ್ಕನೆಯ ವರ್ಷದಲ್ಲಿ ಎರಕ ಹೊಯ್ದದ್ದು’ ಎಂದಿದೆ! ಬರುವ ವರ್ಷದ ಕನ್ನಡಿ ಈ ವರ್ಷ ಹೇಗೆ ಬಂತು? ಮಂತ್ರಿಗಳೆಲ್ಲ ಮುಖ ಮುಖ ನೋಡಿಕೊಂಡರು. ಕಡೆಗೆ ಓದಿಕೊಂಡ ಒಬ್ಬನನ್ನು ಕರೆಸಿದಾಗ, ನಲವತ್ತು ಚಿಲ್ಲರೆ ವರ್ಷದ ಹಿಂದೆ ಮುಳುಗಿಹೋದ ಶು ಅರಸನೊಬ್ಬ ಇದೇ ಹೆಸರು ಇಟ್ಟುಕೊಂಡಿದ್ದ ಎಂದು ಬಯಲಾಯಿತು. ಮಂತ್ರಿಯಾಗುವವನು ಓದಿರಬೇಕು ಎಂದು ತಾಯ್‌ಜು ನಿಟ್ಟುಸಿರು ಬಿಟ್ಟನಂತೆ. ಆ ನಿಟ್ಟುಸಿರು ಯಾವ ದೇಶದಲ್ಲೂ ಫಲಿಸಿಲ್ಲ.

ಈ ಗೋಜೇ ಬೇಡವೆಂದವನೂ ಒಬ್ಬನಿದ್ದ. ಟಾಂಗ್ ವಂಶದ ಸೂಜೋಂಗ್ 761ರಲ್ಲಿ ಶಕೆಯ ಹೆಸರನ್ನೇ ರದ್ದು ಮಾಡಿ ಬರೀ ‘ಒಂದನೆಯ ವರ್ಷ’ ಎನ್ನಿ ಸಾಕು ಎಂದ. ವಿವೇಕ ಒಂದು ವರ್ಷವೂ ಬಾಳಲಿಲ್ಲ. ಸನ್ಯಾಸಿನಿಯೊಬ್ಬಳಿಗೆ ಆಕಾಶದಿಂದ ರತ್ನಗಳು ಸಿಕ್ಕವೆಂಬ ಸುದ್ದಿ ಬಂತು, ರತ್ನಗಳ ಗೌರವಾರ್ಥ ಹೊಸ ಹೆಸರು ಬಂತು. ಅದಾದ ಕೆಲವೇ ದಿನಕ್ಕೆ ಅರಸ ತೀರಿಕೊಂಡ.

ಮಿಂಗ್ ವಂಶ ಬಂದಮೇಲೆ ಒಬ್ಬ ಅರಸನಿಗೆ ಒಂದೇ ಹೆಸರು ಎಂಬ ಶಿಸ್ತು ಬಂತು. ಶಿಸ್ತು ಬಂದೊಡನೆ ಕಳ್ಳತನವೂ ಬಗೆ ಬದಲಿಸಿತು. 1402ರಲ್ಲಿ ಯೋಂಗ್‌ಲೆ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡ. ಆ ಹುಡುಗನ ನಾಲ್ಕು ವರ್ಷದ ಆಳ್ವಿಕೆಯನ್ನು ಏನು ಮಾಡುವುದು? ಆಗಲೇ ಇಲ್ಲ ಎಂದುಬಿಟ್ಟರಾಯಿತು. 1398ರಲ್ಲೇ ಸತ್ತಿದ್ದ ತನ್ನ ಅಪ್ಪನ ಹೋಂಗ್‌ವೂ ಶಕೆಯನ್ನು ಎಳೆದು ತಂದು 1402ನ್ನು ‘ಹೋಂಗ್‌ವೂ 35’ ಎಂದು ಘೋಷಿಸಿದ. ಸತ್ತವರಿಗೆ ಸೇವಾವಧಿ ವಿಸ್ತರಣೆ ಕೊಟ್ಟ ಆದೇಶ ಇದು. ಅಣ್ಣನ ಮಗನ ಶಕೆಗೆ ದಾಖಲೆಯಲ್ಲಿ ಮತ್ತೆ ಜಾಗ ಸಿಕ್ಕಿದ್ದು 1595ರಲ್ಲಿ. ಇನ್ನು ‘ಯೋಂಗ್‌ಲೆ’ ಎಂಬ ಆ ‘ಶಾಶ್ವತ ಸುಖ’ವೋ, 1120ರಲ್ಲಿ ಫಾಂಗ್ ಲಾ ಎಂಬ ಬಂಡಾಯಗಾರ ಬಳಸಿ ಬಿಟ್ಟಿದ್ದ ಹೆಸರು. ಇಲ್ಲೂ ಓದಿಕೊಂಡ ಮಂತ್ರಿ ಇರಲಿಲ್ಲವೆಂದು ಕಾಣುತ್ತದೆ.

ನಗುತ್ತ ಓದಿದ್ದು ಸಾಕು, ಇದರಲ್ಲಿ ರಕ್ತವೂ ಇದೆ. ಚೀನಾದಲ್ಲಿ ತಾರೀಖು ಬರೆಯುವುದೆಂದರೆ ನಾನು ಇಂಥವನ ಪ್ರಜೆ ಎಂದು ರುಜು ಹಾಕಿದಂತೆ. ಮಂಚು ಜನ ಬೀಜಿಂಗ್ ಹಿಡಿದು ಚಿಂಗ್ ವಂಶ ಸ್ಥಾಪಿಸಿದಮೇಲೆ, ಮಿಂಗ್ ಇತಿಹಾಸ ಬರೆಸಿದ ಝುವಾಂಗ್ ಎಂಬ ಶ್ರೀಮಂತನ ಪುಸ್ತಕದಲ್ಲಿ ಹಳೆಯ ವಂಶದ ಶಕೆಗಳೇ ಇದ್ದವು. 1663ರಲ್ಲಿ ತೀರ್ಪು ಬಂತು. ಝುವಾಂಗ್ ಅಷ್ಟರಲ್ಲಿ ಸತ್ತಿದ್ದ, ಹೆಣ ಅಗೆದು ತೆಗೆದು ಶಿಕ್ಷಿಸಿದರು. ಬದುಕಿದ್ದವರಲ್ಲಿ ಸುಮಾರು ಎಪ್ಪತ್ತು ಜನರ ತಲೆ ಹೋಯಿತು. ಅಚ್ಚಿನ ಮರದ ಹಲಗೆ ಕೆತ್ತಿದವರು, ಪುಸ್ತಕ ಮಾರಿದವರು, ಕೊಂಡವರು ಕೂಡ ಅದರಲ್ಲಿದ್ದರು. 1713ರಲ್ಲಿ ದಾಯ್ ಮಿಂಗ್‌ಶಿ ಎಂಬ ವಿದ್ವಾಂಸನ ತಲೆಯೂ ಇದೇ ಬಗೆಯ ತಪ್ಪಿಗೆ ಉರುಳಿತು. ಇದಕ್ಕೆ ಪ್ರತಿಯಾಗಿ ಹಟ ಹಿಡಿದವರೂ ಇದ್ದರು. ಮಿಂಗ್ ವಂಶದ ಕೊನೆಯ ಹಕ್ಕುದಾರನನ್ನು 1662ರಲ್ಲೇ ಕೊಂದಿದ್ದರೂ ತೈವಾನಿನ ಝೆಂಗ್ ಮನೆತನ ಅವನ ಯೋಂಗ್‌ಲಿ ಶಕೆಯನ್ನು 1683ರವರೆಗೂ ಎಣಿಸಿತು. ಕೊರಿಯಾದ ಪಂಡಿತರು 1644ರಲ್ಲಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ ಚೋಂಗ್‌ಝೆನ್ ಚಕ್ರವರ್ತಿಯ ಶಕೆಯನ್ನು ತಮ್ಮ ಮನೆಯ ಬರಹಗಳಲ್ಲಿ, ಗೋರಿಕಲ್ಲುಗಳಲ್ಲಿ ತಲೆಮಾರುಗಟ್ಟಲೆ ಬರೆದರು. ಸತ್ತ ಅರಸ ಕಂದಾಯ ಕೇಳುವುದಿಲ್ಲ, ಅದೊಂದು ಅನುಕೂಲ.

ಕೊನೆಕೊನೆಗೆ ಹೆಸರುಗಳ ಆಯುಷ್ಯ ಹಾಲಿನ ನೊರೆಗಿಂತ ಕಡಿಮೆಯಾಯಿತು. 1861ರಲ್ಲಿ ಎಂಟು ಮಂದಿ ರಾಜಪ್ರತಿನಿಧಿಗಳು ಬಾಲಚಕ್ರವರ್ತಿಗೆ ‘ಚಿಷಿಯಾಂಗ್’ ಎಂಬ ಮಂಗಳಕರ ಹೆಸರು ಆರಿಸಿ ಠಂಕಸಾಲೆಯಲ್ಲಿ ನಾಣ್ಯವನ್ನೂ ಹೊಯ್ಯಿಸಿದರು. ಆ ವರ್ಷ ಹುಟ್ಟುವ ಮೊದಲೇ ರಾಜಮಾತೆ ತ್ಸಿಷಿ ಅವರನ್ನು ಹಿಡಿಸಿದಳು. ಒಬ್ಬನ ತಲೆ ಕಡಿಸಿದಳು, ಇಬ್ಬರಿಗೆ ಆತ್ಮಹತ್ಯೆಯ ಅಪ್ಪಣೆ ಕೊಟ್ಟಳು, ಹೆಸರನ್ನೂ ಬದಲಿಸಿದಳು. ಅರಸೊತ್ತಿಗೆ ಮುಗಿದು ಗಣರಾಜ್ಯ ಬಂದಮೇಲೂ ಚಪಲ ಹೋಗಲಿಲ್ಲ. 1914ರಲ್ಲಿ ಸಂಸತ್ತನ್ನು ಬರಖಾಸ್ತು ಮಾಡಿದ ಅಧ್ಯಕ್ಷ ಯುವಾನ್ ಶಿಕೈ, 1916ರ ಜನವರಿ 1ರಿಂದ ತಾನೇ ಚಕ್ರವರ್ತಿ ಎಂದು ಹೊಸ ಶಕೆ ಸಾರಿದ. ‘ಹೋಂಗ್‌ಷಿಯೆನ್’, ಅಂದರೆ ಭವ್ಯ ಸಂವಿಧಾನ. ಮಾರ್ಚ್ ತಿಂಗಳಲ್ಲೇ ಅದನ್ನು ಹಿಂತೆಗೆದುಕೊಂಡ, ಜೂನ್‌ನಲ್ಲಿ ಸತ್ತ.

1949ರ ಸೆಪ್ಟೆಂಬರ್‌ನಲ್ಲಿ ಕಮ್ಯುನಿಸ್ಟರು ಈ ರಗಳೆಯೇ ಬೇಡವೆಂದು ಜಗತ್ತೆಲ್ಲ ಬಳಸುವ ಕ್ರಿಸ್ತಶಕವನ್ನೇ ಒಪ್ಪಿಕೊಂಡರು. ಒಳ್ಳೆಯ ಕೆಲಸ. ಆದರೆ ಹೆಸರಿಡುವ ಕೈ ಸುಮ್ಮನಿರಲಿಲ್ಲ. 1958ರಲ್ಲಿ ‘ಮಹಾ ಮುನ್ನೆಗೆತ’ ಬಂತು, ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಹಸಿದು ಸತ್ತರು. 2017ರ ಪಕ್ಷದ ಮಹಾಧಿವೇಶನದಲ್ಲಿ ಷಿ ಜಿನ್‌ಪಿಂಗ್ ದೇಶ ‘ಹೊಸ ಯುಗ’ಕ್ಕೆ ಕಾಲಿಟ್ಟಿದೆ ಎಂದು ಘೋಷಿಸಿದರು. 2018ರ ಮಾರ್ಚ್‌ನಲ್ಲಿ ಆ ಹೊಸ ಯುಗ ಸಂವಿಧಾನದೊಳಕ್ಕೂ ಸೇರಿತು. ಅಧ್ಯಕ್ಷರು ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ ಎಂಬ ಸಾಲನ್ನು ಸಂವಿಧಾನದಿಂದ ತೆಗೆದುಹಾಕಿದ್ದೂ ಅದೇ ತಿದ್ದುಪಡಿಯಲ್ಲೇ.